ಸಾಲ ನಾನು ತಗೊಂಡಿಲ್ಲ, ಮನೆ ಹೇಗೆ ಹರಾಜಾಗುತ್ತೆ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಮನೆ ಅವರು ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ಹೆಂಚಿನ ಮನೆ, ಹಿಂದೆ ಕೊಟ್ಟಿಗೆ, ಬಾವಿ. ಅವರು ಹೋದ ಮರುವರ್ಷ, ಖಾತೆ ನಿಮ್ಮ ಹೆಸರಿಗೆ ಮಾಡಿಸ್ತೀನಿ ಅಂತ ಮೈದುನ ಓಡಾಡಿದರು. ಒಂದು ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರು. ಸಹಿ, ಹೆಬ್ಬೆಟ್ಟು, ಫೋಟೋ ಎಲ್ಲ ಆಯಿತು. "ಅತ್ತಿಗೆ, ನೀವು ಪದೇ ಪದೇ ಬರೋದು ಬೇಡ, ಇನ್ನು ನಾನೇ ನೋಡ್ಕೋತೀನಿ" ಅಂದರು. ಮನೆಯ ಕ್ರಯಪತ್ರವೂ ಅವರ ಹತ್ತಿರವೇ ಇತ್ತು. ದೀಪಾವಳಿ ಹೊತ್ತಿಗೆ ಬ್ಯಾಂಕಿನಿಂದ ರಿಜಿಸ್ಟರ್ ಪೋಸ್ಟ್ ಬಂತು, ಅದನ್ನೂ ಅವರೇ ಸಹಿ ಹಾಕಿ ತೆಗೆದುಕೊಂಡರು. ಹೋದ ವಾರ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸ್ ಅಂಟಿಸಿ ಹೋದರು. ಮೈದುನ ಅಡಿಕೆ ವ್ಯಾಪಾರಕ್ಕೆ 28 ಲಕ್ಷ ಸಾಲ ತೆಗೆದು ನಮ್ಮ ಮನೆ ಅಡ ಇಟ್ಟಿದ್ದಾರಂತೆ. ಜಾಮೀನುದಾರರು ಅಂತ ನನ್ನ ಹೆಸರಿದೆ. ಮೈದುನ ಫೋನ್ ತೆಗೆಯುತ್ತಿಲ್ಲ. ವಸೂಲಿಗೆ ಬಂದವರು 2 ಲಕ್ಷ ಕಟ್ಟಿದರೆ ಸದ್ಯಕ್ಕೆ ನಿಲ್ಲಿಸುತ್ತೇವೆ ಅನ್ನುತ್ತಾರೆ. ಬಳೆ, ಸರ ಮಾರಿ ಕಟ್ಟಲೇ? ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಹರಾಜು ನಿಲ್ಲುತ್ತಾ? ಅತ್ತೆ ನಮ್ಮ ಜೊತೆಗೇ ಇದ್ದಾರೆ, ಮಗನ ಮೇಲೆ ಕೇಸು ಬೇಡ ಅಂತ ಅಳುತ್ತಾರೆ. ಮಗಳಿಗೆ 19 ವರ್ಷ, ಡಿಗ್ರಿ ಓದುತ್ತಿದ್ದಾಳೆ. ಸಾಲ ನಾನು ತಗೊಂಡಿಲ್ಲ, ಒಂದು ರೂಪಾಯಿ ಮುಟ್ಟಿಲ್ಲ. ಮನೆ ಹೇಗೆ ಹರಾಜಾಗುತ್ತೆ?
– ಹೆಸರು ಬೇಡ, ತೀರ್ಥಹಳ್ಳಿ ತಾಲೂಕು

ಉತ್ತರ: ಬಳೆ ಮಾರಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಸಾಲ ನನ್ನದಲ್ಲ ಅಂತ ಗಟ್ಟಿಯಾಗಿ ಹೇಳಬೇಕಾದ ಹೊತ್ತಿನಲ್ಲಿ ನೀವೇ ಕೈಯಾರೆ 2 ಲಕ್ಷ ಕಟ್ಟಿದರೆ, ನಾಳೆ ಬ್ಯಾಂಕಿನ ವಕೀಲರು ಅದೇ ರಸೀದಿ ತೋರಿಸಿ "ಇವರು ಸಾಲ ಒಪ್ಪಿಕೊಂಡಿದ್ದಾರೆ" ಅನ್ನುತ್ತಾರೆ. "ಸ್ವಲ್ಪ ಕಾಲಾವಕಾಶ ಕೊಡಿ" ಅಂತ ಅವರೇ ಬರೆದು ತಂದ ಕಾಗದಕ್ಕೆ ಸಹಿ ಹಾಕಿದರೂ ಅಷ್ಟೇ. ನಿಲ್ಲಿಸುತ್ತೇವೆ ಅಂತ ಬಾಯಲ್ಲಿ ಹೇಳಿದ್ದನ್ನು ನಾಳೆ ಯಾರೂ ಒಪ್ಪಿಕೊಳ್ಳಲ್ಲ. ವಸೂಲಿಗೆ ಬರುವವರಿಗೆ ಹರಾಜು ನಿಲ್ಲಿಸುವ ಅಧಿಕಾರವೂ ಇಲ್ಲ, ಅದು ಇರುವುದು ಬ್ಯಾಂಕಿನ ಅಧಿಕೃತ ಅಧಿಕಾರಿಗೆ.

ನಿಮ್ಮ ಪತ್ರ ತಲುಪಿದ ದಿನವೇ ಫೋನ್ ಮಾಡಿ, ನೋಟಿಸಿನ ಫೋಟೋ ತರಿಸಿಕೊಂಡು, ತುರ್ತಾಗಿ ಆಗಬೇಕಾದ್ದನ್ನು ಹೇಳಿದ್ದೇನೆ. ಪತ್ರಿಕೆ ಅಚ್ಚಾಗಿ ಬರುವ ತನಕ ಕಾಯುವ ವಿಷಯ ಇದಲ್ಲ. ಇಲ್ಲಿ ಬಿಡಿಸಿ ಬರೆಯುತ್ತಿರುವುದು ನಿಮ್ಮ ಹಾಗೇ ಇರುವ ಬೇರೆಯವರಿಗೂ ಗೊತ್ತಾಗಲಿ ಅಂತ. ಶಿವಮೊಗ್ಗದ ನನ್ನ ಆಫೀಸಿಗೆ ಇಂಥವರು ಬರುತ್ತಲೇ ಇರುತ್ತಾರೆ. ಎಲ್ಲರ ಮಾತೂ ಒಂದೇ. "ಸಾಲ ನಾನು ತಗೊಂಡಿಲ್ಲ, ನನಗೇನಾಗುತ್ತೆ?" ಅಂತ ಸುಮ್ನೆ ಕೂತಿರುತ್ತಾರೆ. ಬರುವಷ್ಟರಲ್ಲಿ ಹರಾಜಿನ ದಿನ ಹತ್ತಿರ ಬಂದಿರುತ್ತೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ. ಗೆಲ್ಲಬಹುದಾದ ಕೇಸು ದಿನ ದಾಟಿ ಹಾಳಾಗುತ್ತೆ.

ಅಡಮಾನ ಕೂತಿರುವುದು ಮನೆಯ ಮೇಲೆ. ಸಾಲದ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಬ್ಯಾಂಕು ತಾನಾಗಿ ನೋಡಲ್ಲ. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಮನೆ ಹರಾಜು ಹಾಕಲು ಬ್ಯಾಂಕು ಮೊದಲು ಕೋರ್ಟಿಗೆ ಹೋಗಬೇಕಾಗಿಯೂ ಇಲ್ಲ. ಕಂತು 90 ದಿನ ಮೀರಿ ನಿಂತರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತೆ. ಆಮೇಲೆ ಸೆಕ್ಷನ್ 13(2)ರ ನೋಟಿಸ್, ಕಟ್ಟಲು 60 ದಿನ. ದೀಪಾವಳಿಗೆ ಬಂದ ರಿಜಿಸ್ಟರ್ ಪೋಸ್ಟ್ ಅದೇ ಇರಬೇಕು. ಅದಕ್ಕೆ ಆಕ್ಷೇಪಣೆ ಬರೆದು ಕೊಟ್ಟಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಲೇಬೇಕಿತ್ತು. ನಿಮ್ಮ ಕೈಗೆ ಆ ನೋಟಿಸ್ ಸೇರಲೇ ಇಲ್ಲ. ಹಾಗಂತ ಇದನ್ನು ಇಲ್ಲಿಗೇ ಬಿಡಬೇಡಿ. ಪೋಸ್ಟಿನ ಸ್ವೀಕೃತಿ ಕಾರ್ಡಿನಲ್ಲಿ ಯಾರ ಸಹಿ ಇದೆ ಅಂತ ಬ್ಯಾಂಕಿನಿಂದ ನಕಲು ಕೇಳಿ. ಜಾಮೀನುದಾರರಿಗೆ ನೋಟಿಸ್ ಜಾರಿಯೇ ಆಗಿಲ್ಲ, ಸಾಲಗಾರನೇ ಅದನ್ನು ತೆಗೆದುಕೊಂಡು ಬಚ್ಚಿಟ್ಟ ಅನ್ನುವುದು ನಿಮ್ಮ ಕೇಸಿನ ಒಂದು ಮುಖ್ಯ ಅಂಶ.

ಈಗ ಬಾಗಿಲಿಗೆ ಅಂಟಿಸಿದ್ದು ಸೆಕ್ಷನ್ 13(4)ರ ಸ್ವಾಧೀನ ನೋಟಿಸ್. ಕಾಗದದ ಮೇಲೆ ಸ್ವಾಧೀನ ಆಗಿದೆ, ನೀವು ಇನ್ನೂ ಮನೆಯೊಳಗೇ ಇದ್ದೀರಿ. ಇದನ್ನು ಪ್ರಶ್ನಿಸಲು ಸೆಕ್ಷನ್ 17ರಲ್ಲಿ 45 ದಿನ ಇದೆ. ಆ ಅರ್ಜಿ ಹೋಗಬೇಕಾದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ. ಶಿವಮೊಗ್ಗದಲ್ಲಿ ಡಿಆರ್‌ಟಿ ಇಲ್ಲ. ಅರ್ಜಿ ಹಾಕಬೇಕಾದರೆ ಸಾಲದ ಮುಕ್ಕಾಲು ಭಾಗ ಮೊದಲೇ ಕಟ್ಟಬೇಕು ಅಂತ ಯಾರೋ ನಿಮ್ಮನ್ನು ಹೆದರಿಸಿದ್ದಾರೆ ಅಂತ ಫೋನಿನಲ್ಲಿ ಹೇಳಿದಿರಿ. ಹಿಂದೆ ಕಾಯ್ದೆಯಲ್ಲಿ ಹಾಗಿದ್ದದ್ದು ನಿಜ. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ಅರ್ಜಿ ಶುಲ್ಕ ಮಾತ್ರ. ತಡೆಯಾಜ್ಞೆ ಕೊಡುವಾಗ ಮಂಡಳಿ ಒಂದಿಷ್ಟು ಹಣ ಕಟ್ಟಿ ಅಂತ ಷರತ್ತು ಹಾಕಬಹುದು. ಅದು ಮಂಡಳಿ ಬರೆದು ಕೊಡುವ ಆದೇಶ, ವಸೂಲಿಯವರ ಬಾಯಿಮಾತಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಸುಮ್ಮನಿದ್ದರೆ ಮುಂದೇನಾಗುತ್ತೆ ಅಂತಲೂ ತಿಳಿದಿರಲಿ. ಸೆಕ್ಷನ್ 14ರಲ್ಲಿ ಬ್ಯಾಂಕು ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಪೊಲೀಸರ ರಕ್ಷಣೆಯಲ್ಲಿ ಮನೆ ಖಾಲಿ ಮಾಡಿಸಬಹುದು. ಅಲ್ಲಿ ನಿಮ್ಮ ಮೋಸದ ಕಥೆಯ ವಿಚಾರಣೆ ನಡೆಯಲ್ಲ. ಮೊದಲ ಸಲದ ಹರಾಜಿಗೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಎರಡು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ಸಾಲ ಪೂರ್ತಿ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಕೂಡ, 2016ರ ತಿದ್ದುಪಡಿ ಆದ ಮೇಲೆ, ಹರಾಜು ನೋಟಿಸ್ ಪ್ರಕಟವಾಗುವ ತನಕ ಮಾತ್ರ.

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಹರಾಜು ನಿಲ್ಲುತ್ತಾ ಅಂತ ಕೇಳಿದ್ದೀರಿ. ನಿಲ್ಲಲ್ಲ. ಎಫ್‌ಐಆರ್ ಒಂದು ದಾರಿ, ಡಿಆರ್‌ಟಿ ಇನ್ನೊಂದು. ಕಂಪ್ಲೇಂಟ್ ಕೊಟ್ಟು ಬಂದು "ಇನ್ನು ಪೊಲೀಸರು ನೋಡ್ಕೋತಾರೆ" ಅಂತ ನೆಮ್ಮದಿಯಾಗಿ ಕೂತು, ಆ 45 ದಿನ ಕಳೆದುಕೊಂಡವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಆದರೂ ಕಂಪ್ಲೇಂಟ್ ಕೊಡಲೇಬೇಕು. "ಮೋಸ ಆಗಿದ್ದರೆ ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ?" ಅನ್ನುವ ಪ್ರಶ್ನೆ ಎಲ್ಲ ಕಡೆಯೂ ಬರುತ್ತೆ. ನಿಮ್ಮ ವಿಷಯ ಹೊಸ ದಂಡ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮುಂಚಿನದು, ಹಾಗಾಗಿ ಹಳೆಯ ಐಪಿಸಿ ಸೆಕ್ಷನ್‌ಗಳೇ, ವಂಚನೆಗೆ 420. ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್, ಮನೆಯಲ್ಲೇ ಕೂತು ಮಾತಾಡಿಕೊಳ್ಳಿ" ಅಂತ ಕಳಿಸಿದರೆ, ದೂರನ್ನು ಪೋಸ್ಟಿನಲ್ಲಿ ಶಿವಮೊಗ್ಗದ ಎಸ್‌ಪಿಯವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಆದೇಶ ತರಬಹುದು.

ಈಗ ಕೇಸಿನ ಒಳಗೆ ಹೋಗೋಣ. ನೀವು ಅಂದು ಸಹಿ ಮಾಡಿದ್ದು ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹಾರ ಮಾಡಲು ಮೈದುನನಿಗೆ ಕೊಟ್ಟ ಅಧಿಕಾರ ಪತ್ರ. ಅದು ಇಸಿಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ) ಸಾಮಾನ್ಯವಾಗಿ ಕಾಣಿಸಲ್ಲ, ಯಾಕೆಂದರೆ ಅದನ್ನು ನೋಂದಾಯಿಸುವ ಪುಸ್ತಕವೇ ಬೇರೆ. ಆ ಪುಸ್ತಕದ ನಕಲನ್ನು ಬರೆದುಕೊಟ್ಟವರಿಗೆ, ಬರೆಸಿಕೊಂಡವರಿಗೆ ಬಿಟ್ಟರೆ ಕಂಡವರಿಗೆಲ್ಲ ಕೊಡಲ್ಲ. ನೀವು ಬರೆದುಕೊಟ್ಟವರು, ನಿಮಗೆ ಕೊಡಲೇಬೇಕು. ದೃಢೀಕೃತ ನಕಲು ತೆಗೆಸಿ ಒಂದೊಂದೇ ಸಾಲು ಓದಿಸಿ. ಮನೆ ಅಡ ಇಡುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿ ಬರೆದಿದೆಯಾ? ಬರೆದಿದ್ದರೂ, ಮೈದುನ ತನ್ನ ಸ್ವಂತ ವ್ಯಾಪಾರದ ಸಾಲಕ್ಕೆ ನಿಮ್ಮ ಮನೆ ಇಡಬಹುದು ಅಂತ ಇದೆಯಾ? ಜಿಪಿಎಯನ್ನು ಕೋರ್ಟುಗಳು ಅಕ್ಷರಕ್ಕೆ ಅಕ್ಷರ ಹಿಡಿದು ಓದುತ್ತವೆ. ಬರೆಯದ ಅಧಿಕಾರವನ್ನು ಒಳಗೆ ಸೇರಿಸಲ್ಲ. ಹಾಗೇ ಆ ಜಿಪಿಎಯನ್ನು ತಕ್ಷಣ ರದ್ದು ಮಾಡಿ, ರದ್ದತಿ ಪತ್ರವನ್ನೂ ನೋಂದಾಯಿಸಿ, ಮೈದುನನಿಗೂ ಬ್ಯಾಂಕಿಗೂ ಸ್ವೀಕೃತಿ ಸಿಗುವ ಹಾಗೆ ಸ್ಪೀಡ್ ಪೋಸ್ಟ್ ಮಾಡಿ. ಅದು ಇನ್ನೂ ಜೀವಂತ ಇದ್ದರೆ ಮುಂದೆ ಮತ್ತೆಲ್ಲಿ ಬಳಕೆಯಾಗುತ್ತೋ ಹೇಳಲಾಗದು.

"ಓದದೆ ಸಹಿ ಹಾಕಿದೆ" ಅನ್ನುವುದೊಂದೇ ಸಾಲಲ್ಲ, ಇದನ್ನು ಮುಚ್ಚಿಡದೆ ಹೇಳುತ್ತೇನೆ. ಖಾತೆ ಬದಲಾವಣೆಯ ಅರ್ಜಿ ಅಂತ ನಂಬಿಸಿ ಬೇರೆಯದೇ ಪತ್ರಕ್ಕೆ ಸಹಿ ಹಾಕಿಸಿದರು ಅಂತ ನೀವು ತೋರಿಸಬೇಕು. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಹಳೆಯ ಕೇಸೊಂದಿದೆ, ನಿಂಗವ್ವ ವಿರುದ್ಧ ಬೈರಪ್ಪ, ತೀರ್ಪು ಬಂದದ್ದು 1968ರಲ್ಲಿ. ಎರಡು ಜಮೀನಿಗೆ ಮಾತ್ರ ಅಂತ ಹೇಳಿ ಗಂಡ ಆಕೆಯಿಂದ ದಾನಪತ್ರಕ್ಕೆ ಸಹಿ ಮಾಡಿಸಿಕೊಂಡು, ಆಕೆಯ ಬೇರೆ ಜಮೀನನ್ನೂ ಅದರಲ್ಲಿ ಸೇರಿಸಿಬಿಟ್ಟಿದ್ದ. ಪತ್ರ ಯಾವುದು ಅನ್ನುವುದರಲ್ಲೇ ಮೋಸ ಆಗಿದ್ದರೆ ಅದು ಮೊದಲಿಂದಲೇ ಶೂನ್ಯ, ಒಳಗಿನ ವಿವರದಲ್ಲಿ ಮೋಸ ಆಗಿದ್ದರೆ ಅವಧಿಯೊಳಗೆ ರದ್ದು ಮಾಡಿಸಬೇಕು ಅಂತ ಕೋರ್ಟ್ ಹೇಳಿತು. ನಿಂಗವ್ವ ಅವರಿಗೆ ಆಗಿದ್ದು ಮೋಸವೇ ಅಂತ ಕೋರ್ಟು ಒಪ್ಪಿತು. ಆದರೂ ಅವರು ಸೋತರು. ಗೊತ್ತಾದ ಮೇಲೆ ಮೂರು ವರ್ಷದೊಳಗೆ ದಾವೆ ಹಾಕಿರಲಿಲ್ಲ. ಆ ತೀರ್ಪನ್ನು ಓದುವಾಗಲೆಲ್ಲ ನನಗೆ ಸಂಕಟ ಆಗುತ್ತೆ. ನಿಮಗೆ ಗೊತ್ತಾಗಿದ್ದು ಬಾಗಿಲಿಗೆ ನೋಟಿಸ್ ಬಿದ್ದ ದಿನ. ಆ ತಾರೀಖು ಬರೆದಿಟ್ಟುಕೊಳ್ಳಿ, ನೋಟಿಸ್ ಅಂಟಿಸಿದ್ದನ್ನು ನೋಡಿದ ಪಕ್ಕದ ಮನೆಯವರ ಹೆಸರೂ ಇರಲಿ.

ನೀವು ಪತ್ರದಲ್ಲಿ ಹಾಗೇ ದಾಟಿ ಹೋದ ಒಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಮನೆ ಯಜಮಾನರ ಸ್ವಂತ ದುಡಿಮೆಯದು. ಅವರು ವಿಲ್ ಬರೆದಿಲ್ಲ ಅಂತ ಫೋನಿನಲ್ಲಿ ಹೇಳಿದಿರಿ. ಹಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮಗೆ, ಮಗಳಿಗೆ, ಅತ್ತೆಗೆ ತಲಾ ಮೂರನೇ ಒಂದು ಪಾಲು. ಪಂಚಾಯ್ತಿ ಖಾತೆ, ಫಾರಂ 9, ಫಾರಂ 11 ಎಲ್ಲ ನಿಮ್ಮೊಬ್ಬರ ಹೆಸರಿಗೆ ಆಗಿರಬಹುದು. ಖಾತೆ ಇರುವುದು ತೆರಿಗೆ ಕಟ್ಟಲು, ಅದರಿಂದ ಉಳಿದವರ ಹಕ್ಕು ಅಳಿಸಿ ಹೋಗಲ್ಲ. ಅಂದಮೇಲೆ ನಿಮ್ಮ ಜಿಪಿಎ ಎಷ್ಟೇ ಗಟ್ಟಿ ಇದ್ದರೂ ನಿಮ್ಮ ಪಾಲು ದಾಟಿ ಹೋಗುವಂತಿಲ್ಲ. ಮಗಳಿಗೆ ಆಗ 16 ವರ್ಷ. ಅಪ್ರಾಪ್ತರ ಪಾಲನ್ನು ಅಡ ಇಡಬೇಕಾದರೆ ಹೆತ್ತ ತಾಯಿಗೂ ಕೋರ್ಟಿನ ಅನುಮತಿ ಬೇಕು, 1956ರ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಸೆಕ್ಷನ್ 8. ಅನುಮತಿ ಯಾರೂ ತಂದಿಲ್ಲ. ಅದನ್ನು ಪ್ರಶ್ನಿಸಲು ಮಗಳಿಗೆ 18 ತುಂಬಿದ ಮೇಲೆ ಮೂರು ವರ್ಷ, ಅಂದರೆ 21 ಆಗುವ ತನಕ ಅವಕಾಶ ಇದೆ. ಆದರೆ ಹರಾಜು ಅಲ್ಲಿಯ ತನಕ ಕಾಯಲ್ಲ, ಅವಳು ಈಗಲೇ ಅರ್ಜಿದಾರಳಾಗಲಿ.

ಮಗಳು ಮತ್ತು ಅತ್ತೆ ಸಿವಿಲ್ ಕೋರ್ಟಿಗೂ ಹೋಗಬಹುದು. "ಸರ್ಫೇಸಿ ವಿಷಯಕ್ಕೆ ಸಿವಿಲ್ ಕೋರ್ಟು ಬರಲ್ಲ" ಅಂತ ಬ್ಯಾಂಕಿನವರು ಸೆಕ್ಷನ್ 34 ತೋರಿಸುತ್ತಾರೆ. 2025ರ ಜನವರಿಯಲ್ಲಿ ಸೆಂಟ್ರಲ್ ಬ್ಯಾಂಕ್ ವಿರುದ್ಧ ಪ್ರಭಾ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿದೆ. ಆಸ್ತಿ ಯಾರದು, ಅಡ ಇಟ್ಟವನಿಗೆ ಇಡುವ ಹಕ್ಕಿತ್ತಾ ಅನ್ನುವುದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟಿನ ಕೆಲಸ, ಡಿಆರ್‌ಟಿಯದಲ್ಲ ಅಂತ ಹೇಳಿದೆ. ನಿಮ್ಮ ವಕೀಲರಿಗೆ ಈ ತೀರ್ಪಿನ ಹೆಸರು ಹೇಳಿ. ಇಲ್ಲಿ ದಾವೆ, ಬೆಂಗಳೂರಿನಲ್ಲಿ ಅರ್ಜಿ, ಎರಡೂ ನಡೆಯಲಿ. ಒಂದನ್ನು ನಂಬಿ ಇನ್ನೊಂದು ಬಿಡಬೇಡಿ.

ನೋಟಿಸಿನ ಫೋಟೋ ದೊಡ್ಡದು ಮಾಡಿ ಓದಿದೆ. ಕೆಳಗೆ ಷೆಡ್ಯೂಲ್ ಇದೆ, ಚಕ್ಕುಬಂದಿ ಇದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ, ಅದೆಲ್ಲ ಸರಿ. ಆದರೆ ಮನೆ ಅಂತ ಬರೆದಿರುವುದು "ಆರ್‌ಸಿಸಿ ತಾರಸಿ ಕಟ್ಟಡ". ನಿಮ್ಮದು ಹೆಂಚಿನ ಮನೆ! ಬೆಲೆ ಕಟ್ಟುವ ವ್ಯಾಲ್ಯುಯರ್ ಅಂಗಳಕ್ಕೆ ಕಾಲಿಟ್ಟಿದ್ದರೆ ಹೀಗೆ ಬರೆಯುತ್ತಿದ್ದರಾ? ಬಂದಿದ್ದರೆ ನಿಮ್ಮನ್ನೋ ಅತ್ತೆಯನ್ನೋ ಮಾತಾಡಿಸುತ್ತಿದ್ದರು, ಗುಟ್ಟು ಅಂದೇ ಹೊರಬೀಳುತ್ತಿತ್ತು. ವ್ಯಾಲ್ಯುಯೇಷನ್ ರಿಪೋರ್ಟು, ಬ್ಯಾಂಕಿನ ಪ್ಯಾನೆಲ್ ವಕೀಲರು ಕೊಟ್ಟ ಲೀಗಲ್ ರಿಪೋರ್ಟು, ನಿಮ್ಮ ಹೆಸರಿನ ಜಾಮೀನು ಪತ್ರ, ಸಾಲದ ಹಣ ಯಾವ ಖಾತೆಗೆ ಹೋಯಿತು ಅನ್ನುವ ಸ್ಟೇಟ್‌ಮೆಂಟು, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಡಿಆರ್‌ಟಿ ಮುಂದೆ ಹಾಜರು ಮಾಡಿಸಲು ಕೇಳಬಹುದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ನೋಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೂ ಬರೆಯಬಹುದು. ಅದರಿಂದ ಹರಾಜು ನಿಲ್ಲುತ್ತೆ ಅಂತ ಮಾತ್ರ ನಂಬಿಕೊಳ್ಳಬೇಡಿ.

ಅತ್ತೆಯವರ ವಿಷಯ. ಅಮ್ಮಾ, ನಿಮಗೂ ಒಂದು ಮಾತು, ಸೊಸೆ ಇದನ್ನು ಓದಿ ಹೇಳಲಿ. ಹೆತ್ತ ಕರುಳಿಗೆ ಎಷ್ಟು ನೋವಾಗುತ್ತೆ ಅಂತ ಅರ್ಥವಾಗುತ್ತೆ. ಆದರೆ ಈ ಮನೆಯಲ್ಲಿ ನಿಮ್ಮದೂ ಪಾಲಿದೆ. ತೀರಿಹೋದ ಮಗ ದುಡಿದು ಕಟ್ಟಿಕೊಂಡದ್ದು ಇದು, ಮೊಮ್ಮಗಳಿಗೆ ಇರುವ ಸೂರೂ ಇದೊಂದೇ. ಸಾಲ ಮಾಡಿದ ಮಗ ಇವತ್ತು ಬ್ಯಾಂಕಿಗೆ ಹೋಗಿ ತನ್ನ ಬೇರೆ ಆಸ್ತಿ ಕೊಟ್ಟು ಸಾಲ ತೀರಿಸಿದರೆ ಕೇಸಿನ ದಾರಿಯೇ ಬೇರೆಯಾಗುತ್ತೆ, ರಾಜಿಗೂ ಜಾಗ ಇರುತ್ತೆ. ಫೋನ್ ತೆಗೆಯದೆ ಕೂತವನಿಗೋಸ್ಕರ ನೀವು ಮೂವರೂ ಬೀದಿಗೆ ಬರುವುದು ಯಾವ ನ್ಯಾಯ? ಮರ್ಯಾದೆ ಹೋಗುತ್ತೆ ಅಂತ ಹೆದರಬೇಡಿ. ತಪ್ಪು ಮಾಡಿದವರು ನೀವಲ್ಲ.

ಖರ್ಚಿನ ಚಿಂತೆಗೆ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12. ತೀರ್ಥಹಳ್ಳಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಶಿವಮೊಗ್ಗದಲ್ಲಿ ಜಿಲ್ಲಾ ಪ್ರಾಧಿಕಾರ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಡಿಆರ್‌ಟಿ ಅರ್ಜಿಯನ್ನು ಇ-ಫೈಲಿಂಗ್ ಮಾಡಬಹುದು, ಪ್ರತಿ ಸಲ ನೀವೇ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಸಾಗರದ ಕಡೆ ಅಡಿಕೆ ತೋಟ. 5 ಲಕ್ಷ ಸಾಲ ಕೊಡಿಸ್ತೀನಿ ಅಂತ ಬ್ರೋಕರ್ ಒಬ್ಬ ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡ. ಬ್ಯಾಂಕಿನಲ್ಲಿ 25 ಲಕ್ಷ ಸಾಲ ಅಂತ ತೋರಿಸುತ್ತಿದೆ. ನನಗೆ ಬಂದಿದ್ದು 5 ಮಾತ್ರ. ಈಗ ತೋಟಕ್ಕೇ ಸರ್ಫೇಸಿ ನೋಟಿಸ್ ಬಂದಿದೆ. ಏನು ಮಾಡಲಿ?
– ಒಬ್ಬ ರೈತ, ಸಾಗರ

ಉತ್ತರ: ಕೃಷಿ ಭೂಮಿಯ ಮೇಲೆ ಸರ್ಫೇಸಿ ನಡೆಯಲ್ಲ. ಕಾಯ್ದೆಯ ಸೆಕ್ಷನ್ 31(ಐ) ಅದನ್ನು ಹೊರಗಿಟ್ಟಿದೆ. ಆದರೆ ಪಹಣಿ ಒಂದನ್ನೇ ಹಿಡಿದು ಹೋಗಬೇಡಿ. ಜಮೀನು ನಿಜವಾಗಿ ಕೃಷಿಗೆ ಬಳಕೆಯಾಗುತ್ತಿದೆಯಾ ಅಂತ ನೋಡಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಹಣಿಯ ಬೆಳೆ ಕಾಲಂ, ಮಂಡಿಯ ಬಿಲ್ಲುಗಳು, ಕೊನೆಗಾರರಿಗೆ ಕೊಟ್ಟ ಕೂಲಿಯ ಲೆಕ್ಕ, ಫಸಲು ಇರುವಾಗಿನ ತೋಟದ ಫೋಟೋ, ಇವನ್ನೆಲ್ಲ ಸೇರಿಸಿ ಬ್ಯಾಂಕಿಗೆ 60 ದಿನದೊಳಗೆ ಆಕ್ಷೇಪಣೆ ಕೊಡಿ. ತೋಟದ ಮಧ್ಯೆ ಮನೆಗಾಗಿ ಭೂ ಪರಿವರ್ತನೆ ಮಾಡಿಸಿದ ಜಾಗ ಇದ್ದರೆ ಅದಕ್ಕೆ ಈ ರಕ್ಷಣೆ ಸಿಗಲ್ಲ.

ಸಾಲ ಇದರಿಂದ ಮನ್ನಾ ಆಗಲ್ಲ ಅನ್ನುವುದೂ ಗೊತ್ತಿರಲಿ. ಬ್ಯಾಂಕು ಬೇರೆ ದಾರಿಯಲ್ಲಿ, 20 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಡಿಆರ್‌ಟಿಯಲ್ಲೇ, ವಸೂಲಿಗೆ ಅರ್ಜಿ ಹಾಕಬಹುದು. ಉಳಿದ 20 ಲಕ್ಷ ಯಾವ ಖಾತೆಗೆ, ಯಾವ ದಿನ, ಯಾರ ಚೆಕ್ಕಿನಲ್ಲಿ ಹೋಯಿತು ಅಂತ ಪತ್ತೆ ಹಚ್ಚಿದರೆ ಆಗ ನಿಮ್ಮ ಮಾತಿಗೆ ಬಲ ಬರುತ್ತೆ. ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ ಪೊಲೀಸ್ ದೂರಿಗೆ ಲಗತ್ತಿಸಿ.

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಹಳೆ ಮನೆ ಕೊಳ್ಳುವ ಯೋಚನೆ ಇದೆ. ಇಸಿ ಕ್ಲೀನ್ ಇದೆ. ಮೂಲ ಕ್ರಯಪತ್ರ ಕೇಳಿದರೆ ಲಾಕರ್‌ನಲ್ಲಿದೆ, ಜೆರಾಕ್ಸ್ ಸಾಕು ಅನ್ನುತ್ತಾರೆ. ಮುಂಗಡ ಕೊಡಬಹುದಾ?

ಉತ್ತರ: ಬೇಡ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರೆ ಅದು ಇಸಿಯಲ್ಲಿ ಬರದೇ ಇರಬಹುದು. ಬ್ಯಾಂಕುಗಳು ಇಂಥ ಅಡಮಾನವನ್ನು ದಾಖಲಿಸಲು 2011ರಿಂದ ಸೆರ್ಸಾಯ್ ಅನ್ನುವ ಕೇಂದ್ರ ನೋಂದಣಿ ಇದೆ. ಸ್ವಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು, ಮೊದಲು ಅದನ್ನು ಮಾಡಿಸಿ. ಕೈಸಾಲದವರ ಹತ್ತಿರ ಪತ್ರ ಇಟ್ಟಿದ್ದರೆ ಅಲ್ಲೂ ಸಿಗಲಿಕ್ಕಿಲ್ಲ. ಹಳೆ ಸಾಲ ತೀರಿಸಿದ್ದೇನೆ, ಪತ್ರ ಇನ್ನೂ ಬ್ಯಾಂಕು ಕೊಟ್ಟಿಲ್ಲ ಅಂತ ಅವರು ಹೇಳಿದರೂ ಒಪ್ಪಬೇಡಿ. 2023ರ ಡಿಸೆಂಬರ್ 1ರಿಂದ, ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮ ಇದೆ. ಲಾಕರ್ ತೆರೆದು ಮೂಲ ಪತ್ರ ತರಲು ಅವರಿಗೆ ಒಂದು ಬೆಳಿಗ್ಗೆ ಸಾಕು. ಅದನ್ನು ನಿಮ್ಮ ವಕೀಲರು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮುಂಗಡದ ಮಾತು.